ದಿನಕ್ಕೊಂದು ಪದ: ನಾಲ್ಕು ಥರ ಹಾಕಿ ನೋಡಿದೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮದೊಂದು ಕನ್ನಡದವರ ವಾಟ್ಸಾಪ್ ಗುಂಪಿದೆ. ಮೊದಲೆಲ್ಲ ಅದರಲ್ಲಿ ಬರುತ್ತಿದ್ದದ್ದು ಬೆಳಗಿನ ಗುಲಾಬಿ ಹೂವು, ಕೈ ಮುಗಿದ ದೇವರು, ಮಧ್ಯೆ ಮಧ್ಯೆ 'ಯಾರಾದ್ರೂ ಊರಿಗೆ ಹೊರಟಿದ್ದೀರಾ, ಸಣ್ಣದೊಂದು ಪಾರ್ಸಲ್ ಇತ್ತು' ಅನ್ನುವ ವಿಚಾರಣೆ. ಅಷ್ಟೇ. ಊರಿಂದ ಇಷ್ಟು ದೂರ ಬಂದು, ಕೈಯಲ್ಲಿ ಕನ್ನಡದ ಕೀಬೋರ್ಡ್ ಇಟ್ಟುಕೊಂಡು ಗುಲಾಬಿ ಕಳಿಸುತ್ತಾ ಕೂತಿದ್ದೀವಲ್ಲ ಅನ್ನಿಸಿ, ದಿನಾ ಬೆಳಗ್ಗೆ ಒಂದು ಪದ ಹಾಕೋಣ, ಅದರ ಮೇಲೆ ನಾಲ್ಕು ಜನ ಮಾತಾಡಲಿ ಅಂತ ನಾನೇ ಶುರು ಮಾಡಿದೆ.

ಯಾವ ಥರದ ಪದ ಹಾಕಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ. ನಾಲ್ಕು ಥರ ಹಾಕಿ ನೋಡಿದೆ. ಬೇರೆ ಊರಲ್ಲಿ ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವವರಿದ್ದರೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಥೆ ಒಂದು ಸಾಲಲ್ಲಿ ಹೇಳಿಬಿಡುತ್ತೇನೆ, ಮುಂದಕ್ಕೆ ಬೇಕಾಗುತ್ತದೆ. ಹುಟ್ಟಿದ್ದು ಹಾಸನ, ಸೊಸೆಯಾಗಿದ್ದು ಹುಬ್ಬಳ್ಳಿಯವರ ಮನೆಗೆ, ಸಂಸಾರ ಡೊಂಬಿವಲಿಯಲ್ಲಿ. ಗುಂಪೂ ಹಾಗೇ ಕಲಬೆರಕೆ: ಉಡುಪಿ-ಕುಂದಾಪುರ ಕಡೆಯ ಹೋಟೆಲಿನವರು, ಧಾರವಾಡದ ಕಾಕಾಗಳು, ವಿಜಯಪುರದ ಒಬ್ಬರು ಅಕ್ಕ, ಕಾರವಾರದವರು, ಬೆಂಗಳೂರಿಂದ ಕೆಲಸಕ್ಕೆ ಬಂದ ಹುಡುಗರು.

ಮೊದಲನೇದು, ಹಳೆಗನ್ನಡ. ಇದು ನನ್ನ ಜಂಬದ ಆಯ್ಕೆ. ಕಿಟೆಲ್ ನಿಘಂಟು ತೆಗೆದು ದಿನಾ ಒಂದು ಅಪರೂಪದ ಪದ ಆರಿಸಿ, ಅರ್ಥ, ಒಂದು ವಾಕ್ಯ, ಎಲ್ಲ ನೀಟಾಗಿ ಜೋಡಿಸಿ ಹಾಕುತ್ತಿದ್ದೆ. ಬಂದ ಉತ್ತರ? ಹೆಬ್ಬೆರಳು. ಇನ್ನೊಂದು ಹೆಬ್ಬೆರಳು. 'ತುಂಬಾ ಚೆನ್ನಾಗಿದೆ ಮೇಡಂ.' ಮುಗೀತು. ಅರ್ಥ ನಾನೇ ಹೇಳಿಬಿಟ್ಟ ಮೇಲೆ ಅವರು ಹೇಳೋದಕ್ಕೆ ಏನು ಉಳಿಯಿತು, ಅಲ್ವಾ? ಒಂದು ದಿನ ಮಾತ್ರ ಗುಂಪು ನಕ್ಕಿತು. ಅವತ್ತಿನ ಪದ 'ಎಲರು', ಅಂದರೆ ತಂಗಾಳಿ. 'ಸಂಜೆ ಎಲರು ಬೀಸುತ್ತಿತ್ತು' ಅಂತ ವಾಕ್ಯ ಕೊಟ್ಟಿದ್ದೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದ ಒಬ್ಬ ಹುಡುಗ, 'ಎಲ್ಲರೂ ಏನು ಬೀಸ್ತಿದ್ರು ಅಕ್ಕಾ, ಬೀಸಣಿಗೆನಾ?' ಅಂತ ಕೇಳಿದ. ಒಂದು ತಿಂಗಳು ಹಾಕಿದ ಪದಗಳಲ್ಲಿ ಜನಕ್ಕೆ ಇವತ್ತಿಗೂ ನೆನಪಿರೋದು ಅದೊಂದೇ. ಅದೂ ಅವನ ಪುಣ್ಯದಿಂದ.

ಎರಡನೇದು, ಹೊಸದಾಗಿ ಕಟ್ಟಿದ ಪದಗಳು. ಮಿಂಚಂಚೆ (ಇಮೇಲ್), ಜಾಲತಾಣ (ವೆಬ್‌ಸೈಟ್), ಚರವಾಣಿ (ಮೊಬೈಲ್) ಇಂಥವು. ಇದರ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಹತ್ತೇ ದಿನಕ್ಕೆ ನಿಲ್ಲಿಸಿದೆ. ಮಾತೇನೋ ಬಂತು, ಆದರೆ ಅದು ಪದದ ಮೇಲಿನ ಮಾತಲ್ಲ, 'ಕನ್ನಡ ಉಳಿಸೋದು ಹೇಗೆ' ಅನ್ನುವ ಭಾಷಣ. ಮಿಂಚಂಚೆ ಎಲ್ಲರಿಗೂ ಇಷ್ಟವಾಯಿತು, ಬಳಸಿದವರು ಯಾರೂ ಇಲ್ಲ. ಚರವಾಣಿ ಹಾಕಿದ ದಿನ ಇಬ್ಬರು ಹಿರಿಯರಿಗೆ ಮಾತಿಗೆ ಮಾತು ಬೆಳೆದು, ಒಬ್ಬರು ಗುಂಪು ಬಿಟ್ಟೇ ಹೋದರು. ಅವರನ್ನು ವಾಪಸ್ ಕರೆತರೋದಕ್ಕೆ ಅವರ ಮನೆಗೆ ಹೋಗಿ ಒಂದು ಗಂಟೆ ಕೂತು ಎರಡು ಸಲ ಚಹಾ ಕುಡಿಯಬೇಕಾಯಿತು.

ಮೂರನೇದಕ್ಕೆ ಬಂದಾಗ ನಾನು ಸೋತುಹೋಗಿದ್ದೆ. ಬೆಳಗ್ಗೆ ನಿಘಂಟು ತೆರೆಯಲು ಪುರಸೊತ್ತಿಲ್ಲ. ಕೈಯಲ್ಲಿ ಪೊರಕೆ ಇತ್ತು. ಅದನ್ನೇ ಗೋಡೆಗೆ ಒರಗಿಸಿ ಫೋಟೋ ತೆಗೆದು, 'ಇದಕ್ಕೆ ನಿಮ್ಮ ಮನೇಲಿ ಏನಂತಾರೆ?' ಅಂತ ಒಂದು ಸಾಲು ಬರೆದು ಹಾಕಿದೆ. ಅರ್ಥ ಇಲ್ಲ, ವಾಕ್ಯ ಇಲ್ಲ.

ಅಡುಗೆ ಮುಗಿಸಿ ಬಂದು ನೋಡಿದರೆ ಫೋನು ಬಿಸಿಯಾಗಿತ್ತು. ಧಾರವಾಡದವರು ಕಸಬರಿಗಿ ಅಂದಿದ್ದರು. ಬೆಂಗಳೂರಿನ ಹುಡುಗರು ಪೊರಕೆ. ಕುಂದಾಪುರದ ಹೋಟೆಲಿನವರು, 'ಎಂತ ಮಾರಾಯ್ರೆ, ಇದು ಒಳಗೆ ಗುಡಿಸುವಂಥದ್ದು. ಅಂಗಳಕ್ಕೆ ಬೇಕಾದ್ದು ಹಿಡಿಸೂಡಿ' ಅಂತ ಹೇಳಿ, ತೆಂಗಿನ ಗರಿಯ ಕಡ್ಡಿಯಿಂದ ಅದನ್ನು ಹೇಗೆ ಕಟ್ಟುತ್ತಾರೆ ಅಂತ ಎರಡು ನಿಮಿಷದ ಧ್ವನಿ ಸಂದೇಶ ಬೇರೆ ಕಳಿಸಿದ್ದರು. ಅಷ್ಟರಲ್ಲಿ ಯಾರೋ ಇಲ್ಲಿಯವರ ಮಾತು ತಂದರು: ಮರಾಠಿಯಲ್ಲೂ ಮೆತ್ತಗಿನದು ಕೇರಸುಣಿ, ಕಡ್ಡಿಯದು ಖರಾಟಾ, ಎರಡೂ ಬೇರೆ ಬೇರೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಕೇರಸುಣಿ ತಂದು ಅರಿಶಿನ-ಕುಂಕುಮ ಹಚ್ಚುತ್ತಾರೆ, ಖರಾಟಾಗೆ ಆ ಮರ್ಯಾದೆ ಇಲ್ಲ. ಇಷ್ಟು ವರ್ಷ ಇಲ್ಲಿದ್ದೂ ಇದನ್ನು ನಾನು ಗಮನಿಸಿರಲಿಲ್ಲ.

ಆಮೇಲೆ ಬಿಡಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಫೋಟೋನೂ ಇಲ್ಲದೆ, 'ಈ ಬೇಸಿಗೆಗೆ ಏನು ಹೇಳ್ತೀರಿ?' ಅಂತ ಮಾತ್ರ ಕೇಳಿದೆ. ಯಾರೋ 'ಝಳ' ಅಂದರು. ವಿಜಯಪುರದ ಅಕ್ಕ ಒಪ್ಪಲಿಲ್ಲ. 'ಝಳ ಅಂದ್ರ ಒಲಿ ಮುಂದ ಕುಂತಾಗ ಮಾರಿಗಿ ಬಡಿತೈತಲ್ಲ, ಅದು. ಇಲ್ಲಿದು ಝಳ ಅಲ್ಲ' ಅಂದರು. ಹಾಗಾದರೆ ಇಲ್ಲಿಯದು ಏನು? ಉಡುಪಿಯವರ ಉತ್ತರ ತಕ್ಷಣ ಬಂತು: 'ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತಲ್ಲ, ಅದಕ್ಕೆ ಸೆಖೆ ಅನ್ನೋದು.' ಸರಿಯೇ. ವಿಜಯಪುರ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ, ಆದರೂ ಮರದ ನೆರಳಿಗೆ ಹೋದರೆ ಜೀವ ಬರುತ್ತದೆ. ಮುಂಬೈ 33-34ರಲ್ಲೇ ನಿಂತು ಹಿಂಡಿ ಹಾಕುತ್ತದೆ, ನೆರಳಿಗೂ ಬಿಸಿಲಿಗೂ ಫರಕಿಲ್ಲ. ಒಣ ಊರಿನವರಿಗೆ ಝಳ ಬೇಕು, ಸಮುದ್ರದ ಪಕ್ಕದವರಿಗೆ ಸೆಖೆ ಬೇಕು. ನಾವು ಹಾಸನದವರು ಸುಮ್ನೆ 'ಬಿಸಿಲು ಜಾಸ್ತಿ' ಅಂದುಕೊಂಡು ಇದ್ದುಬಿಟ್ಟಿದ್ದೆವು.

ಈ ಥರದ ಪದಕ್ಕೆ ಒಂದು ತೊಂದರೆ ಇದೆ. ಗಲಾಟೆ ಜಾಸ್ತಿ. ಬೆಳಗ್ಗೆ ಏಳಕ್ಕೆ ಹಾಕಿದರೆ ಹತ್ತರ ತನಕ ನಿಲ್ಲೋದಿಲ್ಲ, ನಡುವೆ ಯಾರೋ ನಿಜವಾಗಿಯೂ ರಕ್ತ ಬೇಕಾಗಿದೆ ಅಂತ ಹಾಕಿದ್ದು ಮೇಲೆ ಹೋಗಿ ಕಳೆದುಹೋಗುತ್ತದೆ. ಅದಕ್ಕೆ ಈಗ ಪದಕ್ಕೇ ಬೇರೆ ಗುಂಪು ಮಾಡಿದ್ದೇವೆ. ಹೊತ್ತೂ ಬದಲಾಯಿಸಿದೆ. ಸೀಟು ಸಿಕ್ಕವರು ಬೆಳಗಿನ ಲೋಕಲ್‌ನಲ್ಲಿ ನಿದ್ದೆ ಹೊಡೆಯುತ್ತಾರೆ, ಸಿಗದವರು ಕಂಬಿ ಹಿಡಿದು ನಿಂತಿರುತ್ತಾರೆ, ಒಂದು ಕೈಯಲ್ಲಿ ಕನ್ನಡ ಟೈಪ್ ಮಾಡೋದು ಆಗದ ಮಾತು. ರಾತ್ರಿ ಒಂಬತ್ತು ಸರಿಯಾದ ಹೊತ್ತು. ಊಟ ಆಗಿರುತ್ತದೆ, ಅತ್ತೆ-ಮಾವ ಪಕ್ಕದಲ್ಲಿರುತ್ತಾರೆ, ಅವರನ್ನು ಕೇಳಿ ಬರೆಯುತ್ತಾರೆ. ಧ್ವನಿ ಸಂದೇಶ ಇದ್ದರೆ ಇನ್ನೂ ವಾಸಿ. ಕಸಬರಿಗಿಯ ಆ ಕೊನೆಯ 'ಗಿ' ಬರೆದರೆ ಏನು ಗೊತ್ತಾಗುತ್ತದೆ, ಧಾರವಾಡದವರ ಬಾಯಲ್ಲೇ ಕೇಳಬೇಕು.

ನಾಲ್ಕನೇದು ನನ್ನ ಮಗನಿಂದ ಬಂದದ್ದು. ಅವನು ಆರನೇ ಕ್ಲಾಸು. ಮಹಾರಾಷ್ಟ್ರದಲ್ಲಿ 2020ರಿಂದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಹಾಗಾಗಿ ಮನೆಯಲ್ಲಿ ಮರಾಠಿ ಪುಸ್ತಕ ಬಿದ್ದಿರುತ್ತದೆ. ಒಂದು ದಿನ ಎದುರು ಮನೆಯ ಮರಾಠಿ ಕಾಕು ಅಡಕಿತ್ತಾದಲ್ಲಿ ಸುಪಾರಿ ಕತ್ತರಿಸುತ್ತಿದ್ದರು. ಇವನು ನನ್ನ ಹತ್ತಿರ ಬಂದು, 'ಅಮ್ಮಾ, ಕತ್ತರಿಸೋದು ಸುಪಾರಿ, ಹೆಸರು ಮಾತ್ರ ಅಡಕೆದು, ಯಾಕೆ?' ಅಂದ. ನಾನು ಸೌಟು ಕೆಳಗಿಟ್ಟು ನಿಂತೆ. ಹೌದಲ್ಲ! ಮರಾಠಿಯಲ್ಲಿ ಅಡಕೆಗೆ ಸುಪಾರಿ ಅನ್ನುತ್ತಾರೆ, ಅದನ್ನು ಕತ್ತರಿಸುವ ಸಾಮಾನಿನಲ್ಲಿ ಮಾತ್ರ ನಮ್ಮ ಅಡಕೆ ಕೂತಿದೆ. ನಮ್ಮ ಅಡಕತ್ತರಿ ಅಲ್ಲಿ ಅಡಕಿತ್ತಾ.

ಅವತ್ತು ರಾತ್ರಿಯಿಂದ ಕನ್ನಡ-ಮರಾಠಿ ಜೋಡಿ ಪದ ಶುರುವಾಯಿತು. ತುಪ್ಪ, ತೂಪ್. ಅಜ್ಜಿ, ಆಜಿ. ಇವೆಲ್ಲ ಸುಲಭದವು. ನನಗೆ ತುಂಬಾ ಹಿಡಿಸಿದ್ದು ಶೇಂಗಾ. ನಾನು ಹುಟ್ಟಿದ ಕಡೆ ಅದು ಕಡಲೆಕಾಯಿ, ಹುಬ್ಬಳ್ಳಿಯಲ್ಲಿ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಮರಾಠಿಯಲ್ಲಿ ಶೇಂಗ ಅಂದರೆ ಬರೀ ಕೋಡು, ನುಗ್ಗೆಕಾಯಿಗೂ ಶೇಂಗ ಅನ್ನುತ್ತಾರೆ. ಇದರ ಪೂರ್ತಿ ಹೆಸರು ಭುಯಿಮೂಗ್, ಅಂದರೆ ನೆಲದ ಹೆಸರುಕಾಳು. ಈಗ ನೋಡಿ: ಇದು ಮೂಲದಲ್ಲಿ ದಕ್ಷಿಣ ಅಮೆರಿಕದ ಬೆಳೆ, ಇಲ್ಲಿ ಯಾರಿಗೂ ಇದರ ಹೆಸರು ಗೊತ್ತಿರಲಿಲ್ಲ. ಮಣ್ಣಿಂದ ಕಿತ್ತ ಕಾಯಿ ಕೈಗೆ ಬಂದಾಗ ಕರಾವಳಿಯವರು ನೆಲದ ಕಡಲೆ ಅಂದರು, ಮರಾಠಿಯವರು ನೆಲದ ಹೆಸರುಕಾಳು ಅಂದರು. ಇಬ್ಬರಿಗೂ ಹೊಳೆದದ್ದು ಒಂದೇ ಉಪಾಯ. ಇದನ್ನು ಕಾಕುಗೆ ಹೇಳಿದಾಗ ಅವರು ಮೂಗಿನ ಮೇಲೆ ಬೆರಳಿಟ್ಟುಕೊಂಡು, ಮಾರನೇ ದಿನ ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟು ಹೋದರು.

ನಾನು ಮುಗ್ಗರಿಸಿದ್ದೂ ಇದೇ ಸರದಿಯಲ್ಲಿ. ಮರಾಠಿಯ ಕಿಲ್ಲಿ, ನಮ್ಮ ಕೀಲಿ, ಎರಡೂ ಒಂದೇ, ಬೀಗದ ಕೈ ಅಂತ ಧೈರ್ಯವಾಗಿ ಬರೆದುಬಿಟ್ಟೆ. ಧಾರವಾಡದ ಕಾಕಾ ಒಂದು ನಿಮಿಷವೂ ಬಿಡಲಿಲ್ಲ. 'ಕೀಲಿ ಅಂದ್ರ ಬೀಗರೀ. ಕೀಲಿ ಹಾಕೋದು, ಕೀಲಿಕೈಲೆ ತಗಿಯೋದು. ನಿಮ್ಮ ಮನ್ಯಾಗ ಅತ್ತಿ ಅದಾರಲ್ಲ, ಕೇಳ್ಬೇಕಿಲ್ಲೋ?' ಅತ್ತೆ ಪಕ್ಕದಲ್ಲೇ ಕೂತು ನಗುತ್ತಿದ್ದರು. ಆಗ ಅವರು ಹೇಳಿದ್ದು: ಮೊದಲ ಸಲ ಇಲ್ಲಿಗೆ ಬಂದಾಗ ನೆರೆಮನೆಯವರಿಗೆ ಹೊಸ ಕಿಲ್ಲಿ ತರಿಸಿಕೊಡಿ ಅಂದಿದ್ದರಂತೆ, ಬೀಗ ಕೆಟ್ಟಿತ್ತು. ಅವರು ಪಾಪ ಹಳೆ ಕೈಯ ಅಳತೆ ಕೊಟ್ಟು ಹೊಸದೊಂದು ಕೈ ಮಾಡಿಸಿಕೊಂಡು ಬಂದರಂತೆ. ಕೆಟ್ಟ ಬೀಗ ಒಂದು, ಅದಕ್ಕೆ ಕೈ ಎರಡು. ಇನ್ನು ಬೀಗದ ಕೈಗೇ ಹೇಳುವ ಚಾವಿ ಪೋರ್ಚುಗೀಸರಿಂದ ಬಂದದ್ದು, ನಮ್ಮ ಬಟಾಟೆ ವಡೆಯ ಬಟಾಟೆಯೂ ಅಷ್ಟೇ. ಅಂಥವು ಬಂದಾಗ ಕಾರವಾರದವರು ಗೋವಾ ಕಡೆಯ ಸಮಾಚಾರ ಎಲ್ಲ ತೆಗೆಯುತ್ತಾರೆ.

ಫೋಟೋ ಪದ, ಜೋಡಿ ಪದ ಎರಡನ್ನೂ ಪಕ್ಕ ಪಕ್ಕ ಇಟ್ಟರೆ, ಮಾತು ಜಾಸ್ತಿ ಬರೋದು ಮೂರನೇದಕ್ಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆನಪಲ್ಲಿ ಉಳಿಯೋದು ನಾಲ್ಕನೇದು. ಒಂದು ಭಾನುವಾರ ಗುಂಪಿನ ಮಕ್ಕಳನ್ನೆಲ್ಲ ಕೂರಿಸಿ ಸುಮ್ನೆ ಕೇಳಿ ನೋಡಿದೆ. ಹಿಡಿಸೂಡಿ ಕರಾವಳಿಯ ಮಕ್ಕಳಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಅಡಕಿತ್ತಾ, ಭುಯಿಮೂಗ್ ಎಲ್ಲರೂ ಹೇಳಿದರು. ಅವರಿಗೆ ಶಾಲೆಯಲ್ಲಿ ದಿನಾ ಕೇಳುವ ಮಾತಿನ ಪಕ್ಕ ಕನ್ನಡ ಕೂತರೆ ಅದಕ್ಕೊಂದು ಗೂಟ ಸಿಗುತ್ತದೆ, ನೇತುಹಾಕಬಹುದು. ದೊಡ್ಡವರಿಗೆ ಹಾಗಲ್ಲ, ಅವರಿಗೆ ಊರಿನ ಸಾಮಾನು ಕಣ್ಣಿಗೆ ಬೀಳಬೇಕು. ಹಾಗಾಗಿ ಈಗ ವಾರದಲ್ಲಿ ಐದು ದಿನ ಫೋಟೋ, ಶನಿವಾರ-ಭಾನುವಾರ ಜೋಡಿ ಪದ. ಜೋಡಿ ಪದದಲ್ಲಿ 'ಯಾರಿಂದ ಯಾರು ತಗೊಂಡ್ರು' ಅನ್ನುವ ಜಗಳ ಶುರುವಾದರೆ ನಾನು ಕೂಡಲೇ ಊಟದ ವಿಷಯ ತೆಗೆಯುತ್ತೇನೆ.

ನಿಘಂಟಿನ ಬಗ್ಗೆಯೂ ಜನ ಕೇಳುತ್ತಾರೆ. ಕಿಟೆಲ್ 1894ರದು, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್‌ನಲ್ಲಿ ಅಚ್ಚಾಗಿದ್ದು, ಸುಮಾರು 70,000 ಪದ. ಅದರಲ್ಲಿ ಗಾದೆ ಇವೆ, ತುಳು, ತಮಿಳು, ತೆಲುಗಿನ ನೆಂಟರು ಪಕ್ಕದಲ್ಲೇ ಇರುತ್ತಾರೆ. ಒಂದು ಪದ ಹುಡುಕಲು ಹೋದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಫೋನಿನಲ್ಲಿ ನೋಡೋದಕ್ಕೆ 'ಅಲರ್' ಇದೆ. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಕಟ್ಟಿದ್ದು, 2019ರಲ್ಲಿ ಎಲ್ಲರಿಗೂ ತೆರೆದರು, ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳಿವೆ. ಜಗಳ ನಡೆಯುತ್ತಿರುವಾಗ ಬೇಕಾಗೋದು ಅದೇ, ಕ್ಷಣದಲ್ಲಿ ತೀರ್ಪು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಒಬ್ಬ ಕಾಕಾ ಮನೆಯಲ್ಲಿದೆ, ಅವರಿಗೆ ಫೋನ್ ಮಾಡಿದರೆ ಓದಿ ಹೇಳುತ್ತಾರೆ, ಜೊತೆಗೆ ಅರ್ಧ ಗಂಟೆ ಆರೋಗ್ಯದ ವಿಚಾರ ಉಚಿತ. ಆದರೂ ಹಿಡಿಸೂಡಿ ಕಟ್ಟುವುದು ಹೇಗೆ ಅಂತ ಇವು ಮೂರರಲ್ಲಿ ಯಾವುದನ್ನೂ ಕೇಳಲು ಬರುವುದಿಲ್ಲ, ಹೋಟೆಲಿನವರನ್ನೇ ಕೇಳಬೇಕು.

ನಾಳೆ ರಾತ್ರಿಗೆ ತಂಬಿಗೆಯ ಫೋಟೋ ತೆಗೆದಿಟ್ಟಿದ್ದೇನೆ. ನಮ್ಮ ಕಡೆ ಅದು ಚೊಂಬು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ಫೋನು ವಾಪಸ್ ಕೊಟ್ಟು, 'ಹಾಕು. ಆದ್ರ ಚರಿಗಿ ಅಂತ ಮಾತ್ರ ನೀ ಬರೀಬ್ಯಾಡವಾ, ಅದು ಬಯಲಕಡಿಗೆ ಒಯ್ಯೋದು, ಹೋಟೆಲ್‌ನವ್ರೆಲ್ಲ ಅದಾರ' ಅಂದರು.