ರಾಯಲ್ ಸರ್ಕಲ್, ಬೆಂಗಳೂರು ರೋಡು: ಬಳ್ಳಾರಿಯ ಸಂಜೆ ಪೇಟೆ, ವರ್ಷಗಟ್ಟಲೆ ಓಡಾಡಿದ ಮೇಲೆ

ಸಂಜೆ ಬಟ್ಟೆ ಕೊಳ್ಳಲು, ತಿನ್ನಲು, ಸುಮ್ಮನೆ ಒಂದು ಸುತ್ತು ಹಾಕಲು ಬಳ್ಳಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸರ್ಕಲ್‌ಗೆ ಗಡಗಿ ಚನ್ನಪ್ಪನವರ ಹೆಸರಿದೆ, ಆದರೆ ಆಟೋದವರಿಗೆ ರಾಯಲ್ ಸರ್ಕಲ್ ಅಂದರೇ ಬೇಗ ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಆರು ಗಂಟೆಗೆ ಮುಂಚೆ ಹೊರಡಬೇಡಿ.

ಇಲ್ಲಿ ಮೊದಲು ನೋಡಬೇಕಾದ್ದು ಜೀನ್ಸ್. ಊರಲ್ಲೇ ಹೊಲಿಯುವ ಮಾಲು, ದರ ಕೈಗೆಟುಕುತ್ತದೆ. ಆದರೆ ಗುಣ ಅಂಗಡಿಯಿಂದ ಅಂಗಡಿಗೆ ಬೇರೆ. ಡೆನಿಮ್ (ಜೀನ್ಸ್ ಬಟ್ಟೆ) ದಪ್ಪವನ್ನು ಚದರ ಗಜದ ತೂಕದಲ್ಲಿ, ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ; ನಮ್ಮ ಬಿಸಿಲಿಗೆ 8ರಿಂದ 10 ಔನ್ಸ್ ಸಾಕು. 12 ಔನ್ಸ್ ಮೇಲ್ಪಟ್ಟದ್ದು ಬಾಳಿಕೆ ಬರುತ್ತದೆ, ಆದರೆ ಬೇಸಿಗೆಯಲ್ಲಿ ಮೈ ಬೇಯುತ್ತದೆ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ನೋಡಿ. ಜೇಬಿನ ಮೂಲೆ, ಬೆಲ್ಟ್ ಲೂಪ್‌ಗಳ ಎರಡೂ ತುದಿಯಲ್ಲಿ ಒತ್ತೊತ್ತಾಗಿ ಹಾಕಿದ ಬಾರ್‌ಟ್ಯಾಕ್ ಹೊಲಿಗೆ ಇರಲೇಬೇಕು, ಇಲ್ಲದಿದ್ದರೆ ಮೊದಲು ಹರಿಯುವುದು ಅಲ್ಲೇ. ಒದ್ದೆ ಬಿಳಿ ಕರ್ಚೀಫಿನಿಂದ ತೊಡೆಯ ಭಾಗ ಉಜ್ಜಿ. ನೀಲಿ ದಟ್ಟವಾಗಿ ಹತ್ತಿದರೆ ಜೊತೆಗೆ ಒಗೆದ ಬಟ್ಟೆಯೂ ಹಾಳು. ಎರಡು ಒಗೆತಕ್ಕೆ ಪಕ್ಕದ ಹೊಲಿಗೆ ಮೊಣಕಾಲಿನ ಮುಂದಕ್ಕೆ ತಿರುಗಿತೆಂದರೆ, ನೇಯ್ಗೆಯ ಓರೆ ಎಳೆತವನ್ನು ಮೊದಲೇ ಸರಿಪಡಿಸಿಲ್ಲ, ಅಥವಾ ಬಟ್ಟೆಯನ್ನು ಎಳೆಗೆ ನೇರವಾಗಿ ಕತ್ತರಿಸಿಲ್ಲ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ. ಉದ್ದ ಕಡಿಮೆ ಮಾಡಿಸುವುದಿದ್ದರೆ ಒಮ್ಮೆ ಒಗೆದ ಮೇಲೆ ಮಾಡಿಸಿ. ಅಂಚನ್ನು ಹಾಗೇ ಉಳಿಸಿ ಮೇಲೆ ಕತ್ತರಿಸಿ ಜೋಡಿಸಲು ಹೇಳಿ, ಹೊಸದರಂತೆಯೇ ಕಾಣುತ್ತದೆ.

ಬಿಲ್ ಕೇಳಿ ಪಡೆಯಿರಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. 'ಮಾರಿದ ಮಾಲು ವಾಪಸ್ ಇಲ್ಲ' ಎಂಬ ಬೋರ್ಡ್ ನೋಡಿ ಹೆದರಬೇಡಿ: ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯದಿರುವುದು 2019ರ ಗ್ರಾಹಕ ಕಾಯ್ದೆ ಪ್ರಕಾರ ತಪ್ಪು. ಸಹಾಯವಾಣಿ 1915. ಚಿನ್ನ ಕೊಳ್ಳುವುದಿದ್ದರೆ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಹಾಲ್‌ಮಾರ್ಕ್ ಗುರುತಿನ ಸಂಖ್ಯೆ) ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಲ್ಲೇ ಪರೀಕ್ಷಿಸಿ.

ತಿನ್ನುವುದಕ್ಕೆ ಎಸಿ ಹೋಟೆಲ್‌ಗಳಿವೆ. ಅಲ್ಲಿ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ತೆಗೆಸಬಹುದು. ಆದರೆ ಈ ಪೇಟೆಯ ನಿಜವಾದ ರುಚಿ ಒಗ್ಗರಣೆ–ಮಿರ್ಚಿಯಲ್ಲಿದೆ. ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಠಾಣಿ ಪುಡಿ ಉದುರಿಸುತ್ತಾರೆ. ಹೊಸದಾಗಿ ಕಲಸಿದ್ದಾದರೆ ಕಾಳು ಬಿಡಿಬಿಡಿಯಾಗಿರುತ್ತದೆ. ಹೊತ್ತು ಕಳೆದದ್ದು ಮುದ್ದೆಯಾಗಿ ಬಾಯಿಗೆ ಅಂಟುತ್ತದೆ. ಮಿರ್ಚಿಯನ್ನು ಅರ್ಧ ಕರಿದಿಟ್ಟು ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಬಿಡುವ ಗಾಡಿಗಳಿವೆ. ಅಲ್ಲಿ ಕಾಗದ ಪೂರ್ತಿ ಎಣ್ಣೆಯಾಗುತ್ತದೆ. ಹಸಿ ಹಿಟ್ಟಿನಲ್ಲಿ ಅದ್ದಿ ಎದುರಿಗೇ ಬಿಡುವವರ ಹತ್ತಿರ ನಿಲ್ಲಿ.

ದೊಡ್ಡ ಕೊರತೆ ಪಾರ್ಕಿಂಗ್. ಹಬ್ಬದ ವಾರ ಕಾರು ತರಲೇಬೇಡಿ. ಫುಟ್‌ಪಾತ್ ಮೇಲೆ ಅಂಗಡಿಯ ಗೊಂಬೆ, ಬೈಕು ನಿಂತಿರುವುದರಿಂದ ವಯಸ್ಸಾದವರು, ಮಕ್ಕಳು ರಸ್ತೆಗೇ ಇಳಿಯಬೇಕು. ಇಷ್ಟು ವ್ಯಾಪಾರ ನಡೆಯುವ ಜಾಗದಲ್ಲಿ ನಡೆಯಲು ದಾರಿ ಇಲ್ಲದಿರುವುದು ಬೇಸರದ ಸಂಗತಿ. ಅದಕ್ಕೇ ಐದರಲ್ಲಿ ನಾಲ್ಕು ಅಂಕ. ಆಟೋದಲ್ಲಿ ಬಂದರೆ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ, ರಾತ್ರಿ ತಡವಾದರೆ ದರ ಏರುತ್ತದೆ.