ಹಳೆಯ ಕ್ಯಾಮೆರಾವನ್ನು ಅಂಗಡಿಯಲ್ಲಿ ಬಿಟ್ಟು ಬರುವ ಮುನ್ನ

ಜೇಬಿನಲ್ಲಿ ಹಿಡಿಸುವ ಸಣ್ಣ ಕ್ಯಾಮೆರಾ ಒಂದನ್ನು ಹಲವು ವರ್ಷ ಬಳಸಿ, ಈಗ ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಮೇಲ್ದರ್ಜೆಯದನ್ನು ಕೊಳ್ಳಬೇಕೆಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಜೂನ್ ತಿಂಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಹೊಸ ಕ್ಯಾಮೆರಾ ಕೈಗೆ ಬಂದ ಮೊದಲ ವಾರದಲ್ಲಿ ನನಗಾದ ಸಂತೋಷ ನಿಜವಾದದ್ದು. ಆದರೆ ಆ ಸಂತೋಷದ ನಡುವೆಯೇ ಬದಲಾಯಿಸಿಕೊಳ್ಳುವ ಅವಧಿ ಮುಗಿದುಹೋಯಿತು. ದೋಷ ಕಣ್ಣಿಗೆ ಬಿದ್ದಾಗ ಹೊಸದನ್ನು ಹಿಂದಿರುಗಿಸಲು ದಾರಿಯಿರಲಿಲ್ಲ, ಹಳೆಯದು ನನ್ನ ಬಳಿ ಇರಲಿಲ್ಲ. ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ದೂರು ಇನ್ನೂ ವಿಚಾರಣೆಗೆ ಬರಬೇಕಿದೆ. ಕ್ಯಾಮೆರಾದ ಹೆಸರನ್ನೂ ಹೇಳುವುದಿಲ್ಲ, ಏಕೆಂದರೆ ದೋಷವಿದ್ದದ್ದು ಆ ಮಾದರಿಯಲ್ಲಲ್ಲ, ನನಗೆ ಕೊಟ್ಟ ಆ ಒಂದು ಪೀಸ್‌ನಲ್ಲಿ.

ನಾನು ಮೈಸೂರಿನಲ್ಲಿ ಶಾಲಾ ಶಿಕ್ಷಕಿ. ಎಂಟು ವರ್ಷಗಳಿಂದ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ, ಸಂಜೆ ದೇವರಾಜ ಮಾರುಕಟ್ಟೆಗೆ ಹೂವು ತರಕಾರಿಗೆಂದು ಹೋದಾಗ, ಕೈಚೀಲದಲ್ಲಿ ಒಂದು ಸಣ್ಣ ಕ್ಯಾಮೆರಾ ಇರುತ್ತಿತ್ತು. ಅದರಲ್ಲಿದ್ದದ್ದು ಒಂದು ಇಂಚಿನ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ. ಹೆಸರು ಹಾಗಿದ್ದರೂ ಆ ಸೆನ್ಸರಿನ ಯಾವ ಅಳತೆಯೂ ಒಂದು ಇಂಚು ಇರುವುದಿಲ್ಲ, ಉದ್ದ 13.2 ಮಿಲಿಮೀಟರ್, ಅಗಲ 8.8 ಮಿಲಿಮೀಟರ್. ಹಿಂದಿನ ಕಾಲದ ವಿಡಿಯೋ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಬಂದ ಹೆಸರು ಇಂದಿಗೂ ಉಳಿದುಕೊಂಡಿದೆ. ಹಗಲಿನಲ್ಲಿ ಆ ಕ್ಯಾಮೆರಾದ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಆದರೆ ಮಾರುಕಟ್ಟೆಯ ಒಳಸಾಲುಗಳಲ್ಲಿ, ಹೂವಿನವರ ಬಲ್ಬಿನ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ರವರೆಗೆ ಏರಿಸಿದರೆ ಕುಂಕುಮದ ರಾಶಿಯೂ ಕನಕಾಂಬರವೂ ಮರಳು ಎರಚಿದಂತೆ ಕಾಣುತ್ತಿದ್ದವು. ಹೊಸದನ್ನು ಕೊಳ್ಳಬೇಕೆನಿಸಿದ್ದು ಈ ಕಾರಣಕ್ಕೆ.

ನಾನು ಆರಿಸಿಕೊಂಡದ್ದು ಎಪಿಎಸ್-ಸಿ ಎಂಬ ದೊಡ್ಡ ಅಳತೆಯ ಸೆನ್ಸರ್ ಇರುವ, 24 ಮೆಗಾಪಿಕ್ಸೆಲ್‌ನ, 28 ಮಿಲಿಮೀಟರಿಗೆ ಸಮನಾದ, ಅಂದರೆ ಅಗಲವಾದ, ಒಂದೇ ನೋಟಕೋನದ ಎಫ್ 2.8 ಲೆನ್ಸ್ ಉಳ್ಳ ಕ್ಯಾಮೆರಾ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಒಳಬರುತ್ತದೆ. ಸೆನ್ಸರಿನ ಅಳತೆ 23.5 ಮತ್ತು 15.6 ಮಿಲಿಮೀಟರ್, ಅಂದರೆ ವಿಸ್ತೀರ್ಣದಲ್ಲಿ ಹಳೆಯದರ ಮೂರು ಪಟ್ಟಿಗೂ ಹೆಚ್ಚು. ಈ 'ಮೂರು ಪಟ್ಟು' ಎಂಬ ಮಾತು ನನ್ನನ್ನು ಹೇಗೆ ದಾರಿ ತಪ್ಪಿಸಿತೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಇದರಲ್ಲಿ ಅಂಗಡಿಯವರ ತಪ್ಪಿಲ್ಲ, ಲೆಕ್ಕ ಹಾಕದ ನನ್ನದೇ ತಪ್ಪಿದೆ. ಹಳೆಯ ಕ್ಯಾಮೆರಾದ ಲೆನ್ಸ್ ಪೂರ್ತಿ ಅಗಲದ ನೋಟದಲ್ಲಿ ಎಫ್ 1.8ರಷ್ಟು ತೆರೆಯುತ್ತಿತ್ತು, ಹೊಸದು 2.8ಕ್ಕೇ ನಿಲ್ಲುತ್ತದೆ. ವಿಸ್ತೀರ್ಣವನ್ನು ಎಫ್ ಸಂಖ್ಯೆಯ ವರ್ಗದಿಂದ ಭಾಗಿಸಿ ನೋಡಿದರೆ, ಒಂದೇ ಷಟರ್ ವೇಗದಲ್ಲಿ, ಅಂದರೆ ಬೆಳಕನ್ನು ಒಳಬಿಡುವ ಅವಧಿ ಒಂದೇ ಆಗಿದ್ದಾಗ, ಹೊಸ ಕ್ಯಾಮೆರಾ ಹಿಡಿಯುವ ಒಟ್ಟು ಬೆಳಕು ಹಳೆಯದರ ಸುಮಾರು 1.3 ಪಟ್ಟು ಮಾತ್ರ. ಹಗಲಿನ ಚಿತ್ರಗಳಲ್ಲಿ ಎಲೆಯ ನರಗಳೂ ಗೋಡೆಯ ಬಿರುಕುಗಳೂ ನಿಚ್ಚಳವಾಗಿ ಮೂಡುತ್ತವೆ, ಅದು ನಿಜ. ಆದರೆ ಯಾವ ಮಾರುಕಟ್ಟೆಯ ಮಬ್ಬಿಗೆಂದು ನಾನು ಹಣ ಕೊಟ್ಟೆನೋ, ಆ ಮಬ್ಬಿನಲ್ಲಿ ಸಿಕ್ಕ ಲಾಭ ಅತ್ಯಲ್ಪ. ಮೇಲ್ದರ್ಜೆಯ ಕ್ಯಾಮೆರಾ ನೋಡುವವರು ಸೆನ್ಸರಿನ ಅಳತೆಯೊಂದನ್ನೇ ನೋಡದೆ ಲೆನ್ಸ್ ಎಷ್ಟು ತೆರೆಯುತ್ತದೆಂಬುದನ್ನೂ ಜೊತೆಗಿಟ್ಟು ನೋಡಬೇಕು. ಹೊಸದರಲ್ಲಿ ಜೂಮ್ ಇಲ್ಲ, ಫ್ಲ್ಯಾಶ್ ಇಲ್ಲ. ಇವು ಮೊದಲೇ ಗೊತ್ತಿದ್ದ ಕೊರತೆಗಳು, ಒಪ್ಪಿಯೇ ಕೊಂಡಿದ್ದೆ.

ಇಂತಹ ಕ್ಯಾಮೆರಾಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗದಿರುವುದಕ್ಕೆ ಕಾರಣವಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾದ ಲೆಕ್ಕದಂತೆ 2010ರಲ್ಲಿ 10 ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ ಕ್ಯಾಮೆರಾಗಳು, ಅಂದರೆ ಲೆನ್ಸ್ ಬಿಚ್ಚಲಾಗದ ಸಣ್ಣ ಕ್ಯಾಮೆರಾಗಳು, ರವಾನೆಯಾಗಿದ್ದವು. ಮೊಬೈಲ್ ಫೋನುಗಳು ಆ ಜಾಗವನ್ನು ಆಕ್ರಮಿಸಿದ ಮೇಲೆ 2023ರಲ್ಲಿ ಆ ಸಂಖ್ಯೆ 20 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ತಯಾರಿಕೆ ಇಷ್ಟು ಕುಗ್ಗಿದ ಹೊತ್ತಿನಲ್ಲಿಯೇ ಬೇಡಿಕೆ ಮತ್ತೆ ಏರಿತು. 2024ರ ಫೆಬ್ರುವರಿಯಲ್ಲಿ ಫ್ಯೂಜಿಫಿಲ್ಮ್‌ನ ಎಕ್ಸ್100-6 ಎಂಬ ಕಾಂಪ್ಯಾಕ್ಟ್ ಕ್ಯಾಮೆರಾ ಬಂದಾಗ ಹಲವು ದೇಶಗಳಲ್ಲಿ ಜನ ತಿಂಗಳುಗಟ್ಟಲೆ ಸರದಿಯಲ್ಲಿ ಕಾಯಬೇಕಾಯಿತು. ಅಧಿಕೃತ ಅಂಗಡಿಯಲ್ಲಿ ಸಿಗದ ವಸ್ತುವಿಗೆ ಬೇರೆ ದಾರಿಗಳು ತಾನಾಗಿ ಹುಟ್ಟುತ್ತವೆ. ಹೊರದೇಶದಲ್ಲಿ ಮಾರಾಟಕ್ಕಿದ್ದದ್ದು ಇಲ್ಲಿನ ಕಂಪನಿಯ ಕೈ ಸೋಕದೆ ಅಂಗಡಿಯ ಕಪಾಟಿಗೆ ಬರುತ್ತದೆ. ಇದನ್ನೇ 'ಗ್ರೇ ಮಾರ್ಕೆಟ್' ಮಾಲು ಎನ್ನುತ್ತಾರೆ.

ನನಗೆ ಸಿಕ್ಕಿದ್ದೂ ಅದೇ. ಮೈಸೂರಿನಲ್ಲಿ ಎಲ್ಲಿಯೂ ಇಲ್ಲವೆಂದು ತಿಳಿದು, ವಾಟ್ಸ್‌ಆ್ಯಪ್‌ನಲ್ಲಿ ವಿಚಾರಿಸಿ, ಒಂದು ಶನಿವಾರ ಬೆಂಗಳೂರಿನ ಆ ಅಂಗಡಿಗೆ ಹೋದೆ. "ಮೇಡಂ, ಇಡೀ ಬೆಂಗಳೂರಿನಲ್ಲಿ ಇದೊಂದೇ ಪೀಸ್ ಇರೋದು, ಸಂಜೆಯೊಳಗೆ ಹೋಗಿಬಿಡುತ್ತೆ" ಎಂದರು. ಬೆಲೆ ಅಧಿಕೃತ ಬೆಲೆಗಿಂತ 9,000 ರೂಪಾಯಿ ಹೆಚ್ಚಿತ್ತು. ಪೆಟ್ಟಿಗೆಯ ಸೀಲ್ ಮೊದಲೇ ತೆರೆದಿತ್ತು. ಕೇಳಿದ್ದಕ್ಕೆ, ಗಿರಾಕಿಗಳಿಗೆ ತೋರಿಸಲು ಅಂದು ಬೆಳಿಗ್ಗೆ ತಾವೇ ತೆರೆದದ್ದೆಂದರು. ಬಿಲ್ ಕೇಳಿದಾಗ, "ಜಿಎಸ್‌ಟಿ ಬಿಲ್ ಬೇಕು ಅಂದರೆ 18 ಪರ್ಸೆಂಟ್ ಮೇಲೆ ಹಾಕಬೇಕಾಗುತ್ತೆ. ಒಂದು ವರ್ಷ ನಮ್ಮ ಅಂಗಡಿದೇ ವಾರಂಟಿ ಇದೆಯಲ್ಲ" ಎಂದು 'ಎಸ್ಟಿಮೇಟ್' ಎಂದು ಮೇಲೆ ಅಚ್ಚಾಗಿದ್ದ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬದಲಾವಣೆ ಏಳು ದಿನದೊಳಗೆ ಮಾತ್ರ ಎಂದೂ ಅದರ ಕೆಳಗಿತ್ತು. ನನ್ನ ಹಳೆಯ ಕ್ಯಾಮೆರಾಕ್ಕೆ 16,000 ರೂಪಾಯಿ ಕಟ್ಟಿದರು. ಅದರ ಮೆಮೊರಿ ಕಾರ್ಡನ್ನು ಮಾತ್ರ ತೆಗೆದುಕೊಂಡು, ಕ್ಯಾಮೆರಾವನ್ನು ಅಲ್ಲಿಯೇ ಕೌಂಟರಿನ ಮೇಲೆ ಬಿಟ್ಟು, ಉಳಿದ ಹಣವನ್ನು ಯುಪಿಐ ಮೂಲಕ ಕಳಿಸಿ ಸಂಜೆಯ ರೈಲಿಗೆ ಹೊರಟೆ.

ಮೊದಲ ವಾರ ತೆಗೆದದ್ದೆಲ್ಲ ಮಾರುಕಟ್ಟೆಯಲ್ಲಿ, ಮನೆಯೊಳಗೆ, ಶಾಲೆಯ ಪಡಸಾಲೆಯಲ್ಲಿ. ಕ್ಯಾಮೆರಾ ಕೈಯಲ್ಲಿ ಚೆನ್ನಾಗಿ ಕೂರುತ್ತಿತ್ತು, ಒತ್ತಿದ ಕ್ಷಣದಲ್ಲಿ ಎಚ್ಚರವಾಗುತ್ತಿತ್ತು, ಹಿಂಬದಿಯ ಪರದೆಯಲ್ಲಿ ಪ್ರತಿ ಚಿತ್ರವೂ ಸೊಗಸಾಗಿ ಕಾಣುತ್ತಿತ್ತು. ಇಲ್ಲಿ ಎಲ್ಲರೂ ಗಮನಿಸಬೇಕಾದ ವಿಷಯವಿದೆ. ಮೂರು ಇಂಚಿನ ಆ ಪರದೆಯಲ್ಲಿರುವುದು ಸುಮಾರು 10 ಲಕ್ಷ ಚುಕ್ಕೆ. ಒಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಚುಕ್ಕೆ ಬೇಕಾದ್ದರಿಂದ ಪಿಕ್ಸೆಲ್ಲುಗಳು ಮೂರೂವರೆ ಲಕ್ಷದಷ್ಟು ಮಾತ್ರ. ಚಿತ್ರದಲ್ಲಿರುವುದು 240 ಲಕ್ಷ. ಪರದೆಯನ್ನು ನೋಡಿ ಸಂತೋಷಪಟ್ಟ ನಾನು ನೋಡಿದ್ದು, ಚಿತ್ರದಲ್ಲಿದ್ದ ವಿವರದ ಸರಿಸುಮಾರು ಎಪ್ಪತ್ತನೆಯ ಒಂದು ಭಾಗವನ್ನು. ಶಾಲೆ ಆರಂಭವಾದ ದಿನಗಳ ಕೆಲಸದೊತ್ತಡದಲ್ಲಿ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಲೇ ಇಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ಕುಕ್ಕರಹಳ್ಳಿಯಲ್ಲಿ ಆಕಾಶ ತುಂಬ ಒಂದೇ ಸಮನಾದ ಬಿಳಿ ಮೋಡವಿತ್ತು. ಹೆಜ್ಜಾರ್ಲೆಗಳಿದ್ದ ನಡುಗಡ್ಡೆಯೂ ಈಚೆ ದಡದ ಜೊಂಡೂ ಎರಡೂ ಸ್ಪಷ್ಟವಾಗಿ ಬರಲೆಂದು ಎಫ್ 11ರಲ್ಲಿ ಮೂವತ್ತು ಚಿತ್ರ ತೆಗೆದೆ. ಅಂದು ಮನೆಗೆ ಬಂದಿದ್ದ ತಂಗಿಯ ಮಗ ಅವನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತ, "ದೊಡ್ಡಮ್ಮ, ಎಲ್ಲ ಫೋಟೋದಲ್ಲೂ ಎಡಗಡೆ ಮೇಲೆ ಒಂದೇ ಜಾಗದಲ್ಲಿ ಒಂದು ಕಲೆ ಇದೆ ನೋಡಿ" ಎಂದ. ಬೂದುಬಣ್ಣದ ದುಂಡಗಿನ ಕಲೆ. ಅದರ ಪಕ್ಕದಲ್ಲಿ ಇನ್ನೂ ಎರಡು ಚಿಕ್ಕವು. ಸೆನ್ಸರಿನ ಮೇಲೆ ಕುಳಿತ ಧೂಳು. ಅದು ಮಾರುಕಟ್ಟೆಯ ಚಿತ್ರಗಳಲ್ಲಿಯೂ ಇತ್ತು, ನನಗೆ ಕಂಡಿರಲಿಲ್ಲ. ಲೆನ್ಸ್ ಅಗಲವಾಗಿ ತೆರೆದಿರುವಾಗ ಬೆಳಕು ಅನೇಕ ಕೋನಗಳಿಂದ ಬಂದು ಬೀಳುವುದರಿಂದ ಧೂಳಿನ ಕಣದ ನೆರಳು ಹರಡಿ ಅಳಿಸಿಹೋಗುತ್ತದೆ. ತೆರಪು ಕಿರಿದಾದಷ್ಟೂ ನೆರಳು ಗಟ್ಟಿಯಾಗಿ ಮೂಡುತ್ತದೆ. ಮಬ್ಬು ಬೆಳಕಿಗೆಂದು ಕ್ಯಾಮೆರಾ ಕೊಂಡು, ಮಬ್ಬು ಬೆಳಕಿನಲ್ಲಿಯೇ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಲೆನ್ಸ್ ಬಿಚ್ಚುವ ದೊಡ್ಡ ಕ್ಯಾಮೆರಾಗಳಲ್ಲಾದರೆ ಊದುಬುರುಡೆಯಿಂದ ಧೂಳನ್ನು ನಾವೇ ಹಾರಿಸಬಹುದು. ಲೆನ್ಸ್ ಬಿಚ್ಚಲಾಗದ ಕಾಂಪ್ಯಾಕ್ಟಿನಲ್ಲಿ ಇಡೀ ಕ್ಯಾಮೆರಾವನ್ನೇ ಕಳಚಬೇಕು.

ಅನುಮಾನ ಬಂದ ಮೇಲೆ ಮನೆಯ ಎದುರಿನ ಇಟ್ಟಿಗೆಯ ಕಾಂಪೌಂಡನ್ನು ನೇರ ಎದುರಿನಿಂದ, ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ತೆಗೆದೆವು. ಎಡ ಅಂಚಿನಲ್ಲಿ ಇಟ್ಟಿಗೆಯ ಹರಳು ಹರಳೂ ಕಾಣುತ್ತಿತ್ತು. ಬಲ ಅಂಚಿನಲ್ಲಿ ಗಾರೆಯ ಗೆರೆಗಳೇ ಕಲಸಿಹೋಗಿದ್ದವು. ಲೆನ್ಸಿನ ಒಳಗಿನ ಗಾಜು ತನ್ನ ನಡುರೇಖೆಯಿಂದ ಸರಿದಿರುವ ಗುರುತು ಅದು. ಕ್ಯಾಮೆರಾ ಒಮ್ಮೆ ಬಿದ್ದಿರಬಹುದು, ನನಗಿಂತ ಮೊದಲು ಯಾರೋ ಬಳಸಿ ಹಿಂದಿರುಗಿಸಿರಬಹುದು ಎಂಬ ಶಂಕೆ ಅಂದೇ ಮೂಡಿತು.

ಸರ್ವೀಸ್ ಸೆಂಟರಿನವರು ಸಂಯಮದಿಂದಲೇ ಮಾತನಾಡಿದರು. ಕ್ರಮಸಂಖ್ಯೆಯನ್ನು ನೋಡಿ, ಇದು ಭಾರತದ ಮಾರಾಟಕ್ಕೆ ಬಂದದ್ದಲ್ಲ, ವಾರಂಟಿ ಇಲ್ಲಿ ನಡೆಯುವುದಿಲ್ಲ, ಹಣ ಕೊಟ್ಟರೆ ಕಳಚಿ ಶುಚಿ ಮಾಡಬಹುದು, ಲೆನ್ಸ್ ಬದಲಿಸುವುದಾದರೆ ಕ್ಯಾಮೆರಾದ ಅರ್ಧ ಬೆಲೆಯಷ್ಟಾಗುತ್ತದೆ ಎಂದರು. ಪೆಟ್ಟಿಗೆಯ ಮೇಲೆ ಆಮದುದಾರರ ಚೀಟಿ ಎಲ್ಲಿ ಎಂದು ಅವರು ಕೇಳಿದಾಗಲೇ ಅಂತಹದೊಂದು ಇರಬೇಕೆಂದು ನನಗೆ ತಿಳಿದದ್ದು. ಪೊಟ್ಟಣದಲ್ಲಿ ಮಾರುವ ಸರಕುಗಳ 2011ರ ನಿಯಮಗಳಂತೆ, ಹೊರದೇಶದಿಂದ ತಂದು ಮಾರುವ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಎಂಆರ್‌ಪಿ, ದೂರಿಗೆ ಸಂಪರ್ಕಿಸಬೇಕಾದ ವಿವರ ಅಚ್ಚಾಗಿರಬೇಕು. ನನ್ನ ಪೆಟ್ಟಿಗೆಯ ಆರು ಮುಖಗಳಲ್ಲಿ ಒಂದರಲ್ಲಿಯೂ ಅದಿರಲಿಲ್ಲ. ಒಳಗಿದ್ದ ಪ್ಲಗ್ಗಿನ ಎರಡು ಚಪ್ಪಟೆ ಕಡ್ಡಿಗಳು ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದದೆ ಅಡಾಪ್ಟರ್ ಬೇಕಾದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಅದು ಎರಡನೆಯ ದಿನ, ಏಳು ದಿನದ ಅವಧಿ ಇನ್ನೂ ಇತ್ತು.

ಅಂಗಡಿಗೆ ಫೋನ್ ಮಾಡಿದರೆ, ಅವಧಿ ಮುಗಿದಿದೆ, ಧೂಳು ನೀವು ಬಳಸಿದ್ದರಿಂದಲೇ ಬಂದದ್ದು, ಅಂಗಡಿಯ ವಾರಂಟಿ ಧೂಳಿಗೂ ಲೆನ್ಸಿಗೂ ಅನ್ವಯಿಸುವುದಿಲ್ಲ ಎಂದರು. ಹಾಗಾದರೆ ನನ್ನ ಹಳೆಯ ಕ್ಯಾಮೆರಾವನ್ನಾದರೂ 16,000ಕ್ಕೇ ವಾಪಸ್ ಕೊಡಿ ಎಂದು ಕೇಳಿದೆ. ಅದನ್ನು ನಾನು ಕೊಟ್ಟ ಮೂರನೆಯ ದಿನವೇ ಮಾರಿದ್ದರು.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಅವರು ಅಂಗಡಿಗೆ ಕಳಿಸಿದ ಪತ್ರಕ್ಕೆ ಉತ್ತರ ಬರಲಿಲ್ಲ. ಆಮೇಲೆ ಪರಿಚಯದ ವಕೀಲರೊಬ್ಬರು ತಿಳಿಸಿದ ಸಂಗತಿಗಳು ಹಲವರಿಗೆ ಉಪಯೋಗವಾದೀತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂತಹ ಅವಧಿ ಇಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. ಎಸ್ಟಿಮೇಟ್ ಚೀಟಿ ಬಿಲ್ ಅಲ್ಲದ್ದರಿಂದ ಅದರ ಏಳು ದಿನದ ಷರತ್ತು ನಿಲ್ಲದು, ಹದಿನಾರನೆಯ ದಿನ ಸಕಾಲವೇ ಎಂಬುದು ಅವರ ವಾದ. ಒಪ್ಪುವುದು ಬಿಡುವುದು ಗ್ರಾಹಕ ಆಯೋಗಕ್ಕೆ ಬಿಟ್ಟದ್ದು. ದೂರು ಕೊಡಲು ಬೆಂಗಳೂರಿಗೆ ಅಲೆಯಬೇಕಿಲ್ಲ, ಗ್ರಾಹಕರು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನನ್ನ ಬಳಿ ಆಧಾರವಾಗಿ ಉಳಿದಿರುವುದು ಯುಪಿಐ ದಾಖಲೆ, ವಾಟ್ಸ್‌ಆ್ಯಪ್ ಸಂದೇಶಗಳು ಮತ್ತು ಆ ಚೀಟಿ. ನಗದು ಕೊಟ್ಟಿದ್ದರೆ ಇವುಗಳಲ್ಲಿ ಮುಖ್ಯವಾದದ್ದೇ ಇರುತ್ತಿರಲಿಲ್ಲ.

ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟು. ಆಮದುದಾರರ ಚೀಟಿಯನ್ನೂ, ಪೆಟ್ಟಿಗೆ, ಕ್ಯಾಮೆರಾ, ವಾರಂಟಿ ಕಾರ್ಡು ಮೂರರಲ್ಲಿಯೂ ಒಂದೇ ಕ್ರಮಸಂಖ್ಯೆ ಇದೆಯೇ ಎಂಬುದನ್ನೂ ಹಣ ಕೊಡುವ ಮೊದಲೇ ನೋಡಿ. ಮನೆಗೆ ತಂದ ದಿನವೇ ಎಫ್ 16ರಲ್ಲಿ ಬಿಳಿ ಗೋಡೆಯನ್ನೋ ಮೋಡವನ್ನೋ ಫೋಕಸ್ ತಪ್ಪಿಸಿ ಒಂದು ಚಿತ್ರ ತೆಗೆಯಿರಿ. ಮರುದಿನ ಹಗಲಿನಲ್ಲಿ ಲೆನ್ಸನ್ನು ಪೂರ್ತಿ ತೆರೆದು ಇಟ್ಟಿಗೆ ಗೋಡೆಯನ್ನು ತೆಗೆದು ನಾಲ್ಕು ಮೂಲೆಗಳನ್ನೂ ಕಂಪ್ಯೂಟರಿನಲ್ಲಿ ಹೋಲಿಸಿ. ಎರಡಕ್ಕೂ ಸೇರಿ ಅರ್ಧ ಗಂಟೆ ಸಾಕು. ಈ ಪರೀಕ್ಷೆಗಳು ಮುಗಿಯುವವರೆಗೆ ಹಳೆಯ ಕ್ಯಾಮೆರಾ ಮನೆಯಲ್ಲಿಯೇ ಇರಲಿ. ಎಕ್ಸ್‌ಚೇಂಜ್ ಬೆಲೆ ಅಂದಿಗೆ ಮಾತ್ರ ಎಂದು ಅವಸರಪಡಿಸಿದರೆ ಆ ಬೆಲೆಯನ್ನೇ ಬಿಟ್ಟುಬಿಡಿ.

ಮೈಸೂರಿನ ಜಿಲ್ಲಾ ಆಯೋಗಕ್ಕೆ ಸೆಪ್ಟೆಂಬರಿನಲ್ಲಿ ದೂರು ಸಲ್ಲಿಸಿದ್ದೇನೆ. ಕ್ಯಾಮೆರಾವನ್ನು ಕಳಚಲು ಕೊಟ್ಟರೆ ದೋಷದ ಸಾಕ್ಷ್ಯವೇ ಹೋಗುತ್ತದೆಂದು ವಕೀಲರು ಹೇಳಿರುವುದರಿಂದ ಅದನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಕೆರೆಯ ಏರಿಯ ಮೇಲೆ ಈಗ ಫೋನಿನಲ್ಲಿ ಚಿತ್ರ ತೆಗೆಯುತ್ತೇನೆ.