50 ಮೀಟರ್ ಗುರಿಗೆ ಏರ್ ರೈಫಲ್: ಸ್ಪ್ರಿಂಗೋ, ಪಿಸಿಪಿಯೋ?

ವಿಜಯಪುರದ ಸುತ್ತಮುತ್ತ ಸ್ವಂತ ಹೊಲದಲ್ಲಿ ಒಬ್ಬರೇ ಗುರಿ ಹೊಡೆಯುವವರು ಕೇಳಿದರೆ ನನ್ನ ಉತ್ತರ ಸ್ಪ್ರಿಂಗ್ ರೈಫಲ್, ಅಂದರೆ ಪ್ರತಿ ಹೊಡೆತಕ್ಕೂ ಒಳಗಿನ ಸ್ಪ್ರಿಂಗನ್ನು ಒತ್ತಿ ಹೊಡೆಯುವಂಥದ್ದು. ನಿಖರತೆಯಲ್ಲಿ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ರೈಫಲ್) ಮೇಲು, ಅದರಲ್ಲಿ ವಾದವೇ ಇಲ್ಲ. ಆದರೂ ಎರಡನ್ನೂ ಇದೇ ಎರಿ ಹೊಲದಲ್ಲಿ, ಇದೇ ಬಿಸಿಲಲ್ಲಿ ಬಳಸಿ ನೋಡಿದ ಮೇಲೆ ಕೈ ಹೋಗುವುದು ಸ್ಪ್ರಿಂಗ್ ಕಡೆಗೇ. ಪಿಸಿಪಿಗೆ ಗಾಳಿ ತುಂಬಿಸುವ ಗೋಳು ಅಷ್ಟಿದೆ.

ಬೋರಿನ, ಅಂದರೆ ನಳಿಗೆಯ ತೂತಿನ ಅಳತೆಯ, ಚರ್ಚೆ ಬೇಗ ಮುಗಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರು 4.5 ಮಿ.ಮೀ., ಅಂದರೆ .177 ಇಂಚು ಮೀರದೆ, ಶಕ್ತಿ 20 ಜೂಲ್ ದಾಟದೆ ಇದ್ದರೆ ಲೈಸೆನ್ಸ್ ಬೇಡ. .22 ಏರ್ ರೈಫಲ್‌ಗೆ ಬೇಕು. ದೊಡ್ಡ ಪೆಲೆಟ್ (ಏರ್ ರೈಫಲ್ ಗುಂಡು) ಅಡ್ಡಗಾಳಿಗೆ ತುಸು ಕಡಿಮೆ ಜಗ್ಗುತ್ತದೆ ನಿಜ, ಅಷ್ಟಕ್ಕಾಗಿ ಕಾಗದಪತ್ರ ಹಿಡಿದು ಓಡಾಡುವ ತಾಳ್ಮೆ ನನಗಿಲ್ಲ. ಬೇಟೆಯ ಲೆಕ್ಕದಲ್ಲಿ ಕೊಳ್ಳುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು: 1972ರ ವನ್ಯಜೀವಿ ಕಾಯ್ದೆ ಇರುವಾಗ ಮೊಲಕ್ಕೂ ಗುರಿ ಇಡುವಂತಿಲ್ಲ, ಕೌಜುಗಕ್ಕೂ ಇಲ್ಲ. ಇಲ್ಲಿರುವುದೆಲ್ಲ ಕಾಗದದ ಗುರಿ, ಕಬ್ಬಿಣದ ತಟ್ಟೆ, ಅವುಗಳ ಹಿಂದೆ ಆಳೆತ್ತರದ ಮಣ್ಣಿನ ಒಡ್ಡು.

ಈಗ ಗಾಳಿಯ ವಿಷಯ. ಪಿಸಿಪಿಯ ಸಿಲಿಂಡರಿಗೆ ಸಾಮಾನ್ಯವಾಗಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡುವುದು 8–10 ಬಾರ್, ಅದು ಲೆಕ್ಕಕ್ಕೇ ಬರುವುದಿಲ್ಲ. ಡೈವಿಂಗ್ ಸಿಲಿಂಡರ್ ತುಂಬಿಸುವ ಅಂಗಡಿ ಕಡಲ ತೀರದಲ್ಲಿ ಸಿಗಬಹುದು, ನಮ್ಮ ಕಡೆ ಎಲ್ಲಿಂದ ತರೋಣ? ಉಳಿಯುವುದು ಕೈಪಂಪು. 200 ಸಿ.ಸಿ. ಸಿಲಿಂಡರ್ 150ಕ್ಕೆ ಇಳಿದಾಗ ಮತ್ತೆ 200ಕ್ಕೆ ಏರಿಸಲು 50ರಿಂದ 80 ಸಲ ಒತ್ತಬೇಕು, ಕೊನೆಯ ಇಪ್ಪತ್ತರಲ್ಲಿ ಇಡೀ ಮೈಭಾರ ಹಾಕಬೇಕು. ಒಂದೇ ಸಮನೆ ಒತ್ತಿದರೆ ಪಂಪಿನ ಕೆಳಭಾಗ ಮುಟ್ಟಲಾಗದಷ್ಟು ಕಾಯ್ದು ಒಳಗಿನ ಸೀಲು ಹಾಳಾಗುತ್ತದೆ. ಅದಕ್ಕೇ ಐವತ್ತಕ್ಕೊಮ್ಮೆ ನಿಲ್ಲಿಸಿ, ಬ್ಲೀಡ್ ವಾಲ್ವ್ ತೆರೆದು, ಹತ್ತು ನಿಮಿಷ ಆರಲು ಬಿಡಬೇಕು. ಆ ವಾಲ್ವಿನಿಂದ ಗಾಳಿಯ ಜೊತೆ ನೀರಿನ ಹನಿಯೂ ಹಾರುತ್ತದೆ. ಮಳೆಗಾಲದಲ್ಲಿ ಅದು ಹೆಚ್ಚು. ಫಿಲ್ಟರ್ ಇಲ್ಲದ ಪಂಪಿನಲ್ಲಿ ಆ ತೇವ ನೇರ ಸಿಲಿಂಡರಿಗೆ ಇಳಿದು ವಾಲ್ವಿಗೆ ತುಕ್ಕು ಹಿಡಿಸುತ್ತದೆ.

ಕೈ ಸೋತವರಿಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಕಣ್ಣಿಗೆ ಬೀಳುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ. ಅಷ್ಟು ಒತ್ತಡದ ಆಕ್ಸಿಜನ್ನಿಗೆ ಒಳಗಿನ ಗ್ರೀಸು ತಾಗಿದರೆ ಕಿಡಿ ಇಲ್ಲದೆಯೂ ಹೊತ್ತಿ ಸಿಡಿಯುತ್ತದೆ, ರೈಫಲ್ ಇರುವುದು ನಿಮ್ಮ ಕೆನ್ನೆಯ ಪಕ್ಕದಲ್ಲಿ. ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚುವ 12 ವೋಲ್ಟ್ ಕಂಪ್ರೆಸರ್ ಬರುತ್ತದೆ, ಕೆಲಸವನ್ನೂ ಮಾಡುತ್ತದೆ, ಅದು ಬೇರೆಯೇ ಖರ್ಚು.

ಇಷ್ಟೆಲ್ಲ ಮಾಡಿ ತುಂಬಿಸಿಟ್ಟ ಮೇಲೆ ಮರುದಿನ ಬೆಳಗ್ಗೆ ಗೇಜ್ 188 ತೋರಿಸುತ್ತದೆ. ಸೋರುತ್ತಿದೆ ಅಂತ ಸ್ಪ್ಯಾನರ್ ಹಿಡಿಯುವ ಮೊದಲು ಲೆಕ್ಕ ಹಾಕಿ: ಸಂಜೆ 36 ಡಿಗ್ರಿಯಲ್ಲಿದ್ದ 200 ಬಾರ್, ಬೆಳಗಿನ 18 ಡಿಗ್ರಿಗೆ ತಾನಾಗಿಯೇ 188ಕ್ಕೆ ಬರುತ್ತದೆ. ಹೊತ್ತೇರಿದ ಮೇಲೆ ಅದು ಮತ್ತೆ ಏರಿದರೆ ಸೋರಿಕೆ ಇಲ್ಲ. ಏರದೇ ಇದ್ದರೆ ಮೊದಲು ಫಿಲ್ ಪ್ರೋಬ್ (ಗಾಳಿ ತುಂಬಲು ಸಿಕ್ಕಿಸುವ ಕಡ್ಡಿ) ಹೋಗುವ ಜಾಗ, ಆಮೇಲೆ ನಳಿಗೆಯ ತುದಿ, ಹೀಗೆ ಒಂದೊಂದಕ್ಕೇ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ. ಬಹಳ ಸಲ ತಪ್ಪಿತಸ್ಥ ಪ್ರೋಬಿನ ಓ-ರಿಂಗು. ಎರಿ ಮಣ್ಣಿನ ಸಣ್ಣ ಧೂಳು ಅಲ್ಲಿ ಅಂಟಿಕೊಂಡು ರಬ್ಬರನ್ನು ಗೀರುತ್ತದೆ. ಹೊಸ ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ ಸವರಿ, ಎಂಜಿನ್ ಆಯಿಲ್ ಬೇಡ. ಬಿಸಿಲಲ್ಲಿ ನಿಂತ ಕಾರಿನ ಕತೆ ಇದರ ಉಲ್ಟಾ: 25 ಡಿಗ್ರಿಯಲ್ಲಿ ತುಂಬಿದ 200 ಬಾರ್, ಒಳಗೆ 65 ಡಿಗ್ರಿ ಆದರೆ 227 ಮುಟ್ಟುತ್ತದೆ. ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಇಲ್ಲದ ಮಾದರಿಯಲ್ಲಿ ಆಗ ವಾಲ್ವ್ ಸರಿಯಾಗಿ ತೆರೆಯದೆ ಪೆಲೆಟ್ ನಿಧಾನವಾಗಿ ಹೊರಬಿದ್ದು ಗುರಿಯ ಕೆಳಗೆ ಬೀಳುತ್ತದೆ. ಬೇಸಿಗೆಗೆ 180ಕ್ಕೇ ನಿಲ್ಲಿಸಿ.

ಸ್ಪ್ರಿಂಗ್ ರೈಫಲ್‌ಗೆ ಇದ್ಯಾವುದೂ ಇಲ್ಲ. ನಳಿಗೆ ಕೆಳಕ್ಕೆ ಬಗ್ಗಿಸಿ, ಪೆಲೆಟ್ ಇಟ್ಟು, ಮುಚ್ಚಿದರೆ ಆಯಿತು. ಅದರ ಕಾಟ ಸ್ಕೋಪಿನಲ್ಲಿದೆ. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಮುಂದಕ್ಕೆ ಹಾರುವಾಗ ಬಂದೂಕು ಹಿಂದಕ್ಕೆ, ಪಿಸ್ಟನ್ ಬಡಿದು ನಿಂತಾಗ ಮುಂದಕ್ಕೆ, ಎರಡು ದಿಕ್ಕಿಗೂ ಒದೆಯುತ್ತದೆ. ಸಾದಾ ಸ್ಕೋಪಿನ ಒಳಗಿನ ಗಾಜು ಸಡಿಲವಾಗುತ್ತದೆ, ರಿಂಗು 11 ಮಿ.ಮೀ. ಹಳಿಯ ಮೇಲೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಗುರಿ ದಿನಕ್ಕೊಂದು ಕಡೆ. ಹಳಿಯನ್ನು ಸ್ಪಿರಿಟ್‌ನಿಂದ ಒರೆಸಿ, ನಾಲ್ಕು ಸ್ಕ್ರೂ ರಿಂಗು ಹಾಕಿ, ಸ್ಟಾಪ್ ಪಿನ್ ತೂತಿಗೆ ಕೂರಿಸಿ, ಸ್ಕ್ರೂಗೆ ಸಡಿಲವಾಗದಂತೆ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿದರೆ ಆ ಕಾಟ ತಪ್ಪುತ್ತದೆ. ಸ್ಕೋಪ್ ಕೊಳ್ಳುವಾಗ ಏರ್‌ಗನ್ ರೇಟೆಡ್ ಅಂತ ಬರೆದದ್ದನ್ನೇ ಕೇಳಿ.

ಹಿಡಿಯುವ ರೀತಿಯೂ ಬೇರೆ. ಪಿಸಿಪಿಯನ್ನು ಜೋಳದ ಚೀಲದ ಮೇಲೆ ಒತ್ತಿಟ್ಟು ಹೊಡೆದರೂ ಅಡ್ಡಿ ಇಲ್ಲ. ಸ್ಪ್ರಿಂಗನ್ನು ಹಾಗೆ ಬಿಗಿದರೆ ಗುಂಪು, ಅಂದರೆ ಗುರಿಯ ಮೇಲೆ ಬಿದ್ದ ತೂತುಗಳ ಗುಂಪು, ಚೆದುರುತ್ತದೆ. ಮುಂದಿನ ಕಟ್ಟಿಗೆ ಬಿಚ್ಚಿದ ಅಂಗೈ ಮೇಲೆ ಸುಮ್ಮನೆ ಕೂತಿರಬೇಕು, ಪ್ರತಿ ಸಲ ಅದೇ ಜಾಗದಲ್ಲಿ. ಕಂಪ್ರೆಷನ್ ಚೇಂಬರಿಗೆ ಎಣ್ಣೆ ಬಿಡಬೇಡಿ, ಹೊಗೆ ಕಾರಿ ಪಟಾಕಿಯಂತೆ ಸದ್ದು ಮಾಡಿ ಸೀಲು ಸುಡುತ್ತದೆ.

ದೂರದ ಲೆಕ್ಕ ಎರಡಕ್ಕೂ ಒಂದೇ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 16.5 ಜೂಲ್. 25 ಮೀಟರಿಗೆ ಜೀರೋ ಮಾಡಿದ್ದರೆ, ಅಂದರೆ ಆ ದೂರಕ್ಕೆ ಸ್ಕೋಪ್ ಸರಿಹೊಂದಿಸಿದ್ದರೆ, 50 ಮೀಟರಿನಲ್ಲಿ ಅದು 9–10 ಸೆಂ.ಮೀ. ಕೆಳಗೆ ಬೀಳುತ್ತದೆ. ಗಂಟೆಗೆ 15 ಕಿ.ಮೀ. ಅಡ್ಡಗಾಳಿ ಇದ್ದರೆ ಅಷ್ಟೇ ದೂರ ಪಕ್ಕಕ್ಕೂ ಸರಿಯುತ್ತದೆ. ಆಷಾಢದ ಗಾಳಿಯಲ್ಲಿ ಯಾವ ಬಂದೂಕಾದರೂ 50 ಮೀಟರ್ ಬರೀ ಪೆಲೆಟ್ ದಂಡ. ಡಬ್ಬಿಯ ಮೇಲೆ 1000 ಎಫ್‌ಪಿಎಸ್ (ಸೆಕೆಂಡಿಗೆ ಅಡಿ) ಅಂತ ಬರೆದದ್ದನ್ನು ನಂಬಿ ಹಗುರ ಅಲಾಯ್ ಪೆಲೆಟ್ ಹಾಕಬೇಡಿ. ಶಬ್ದದ ವೇಗದ ಹತ್ತಿರ ಹೋದ ಪೆಲೆಟ್ ತೂರಾಡುತ್ತದೆ.

ಬೆಲೆ: ಪಂಪು ಸೇರಿಸಿದರೆ ಪಿಸಿಪಿ ಸ್ಪ್ರಿಂಗಿನ ಮೂರು-ನಾಲ್ಕು ಪಟ್ಟು ಆಗುತ್ತದೆ. ಸದ್ದು: ಸೈಲೆನ್ಸರ್ ಇಲ್ಲದ ಪಿಸಿಪಿಯದೇ ಜೋರು.

10 ಮೀಟರ್ ಸ್ಪರ್ಧೆಗೆ ಇಳಿಯುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ನಡುವಿನ ಹತ್ತರ ಚುಕ್ಕೆ ಅರ್ಧ ಮಿ.ಮೀ., ಮ್ಯಾಚ್ ಪಿಸಿಪಿ ಬಿಟ್ಟು ಬೇರೆ ದಾರಿ ಇಲ್ಲ, ಗಾಳಿ ತುಂಬುವ ವ್ಯವಸ್ಥೆಯೂ ರೇಂಜಿನಲ್ಲೇ ಇರುತ್ತದೆ. ನನ್ನ ಹಾಗೆ ಸಂಜೆ ಕೆಲಸ ಮುಗಿಸಿ ಹೊತ್ತು ಮುಳುಗುವುದರೊಳಗೆ ಮೂವತ್ತು-ನಲವತ್ತು ಹೊಡೆದು ಏಳುವವರು ಸ್ಪ್ರಿಂಗ್ ತಗೊಳ್ಳಿ. ಉಳಿದ ದುಡ್ಡಿನಲ್ಲಿ 4.50, 4.51, 4.52 ಮಿ.ಮೀ. ಹೆಡ್ ಸೈಜಿನ (ಪೆಲೆಟ್ ತಲೆಯ ಅಗಲ) ಒಂದೊಂದು ಡಬ್ಬಿ ಪೆಲೆಟ್ ತಂದು, ಗಾಳಿ ಇಲ್ಲದ ಬೆಳಗ್ಗೆ 25 ಮೀಟರಿನಲ್ಲಿ ಐದೈದು ಹೊಡೆದು ನೋಡಿ. ಯಾವುದರ ಗುಂಪು ಚಿಕ್ಕದೋ ಅದನ್ನೇ ಹತ್ತು ಡಬ್ಬಿ ತರಿಸಿಟ್ಟುಕೊಳ್ಳಿ.